ಆಯೇರಿ ಸೀರೆ ಯಾರು ಉಡ್ತಾರೆ?

ಪರಿಸರಸ್ನೇಹಿ ಬಟ್ಟೆ ಅಂದ ಕೂಡಲೇ ಎಲ್ಲರೂ ದೊಡ್ಡ ಊರಿನ ಮಾಲ್‌ಗಳ ಕಡೆ, ಮೊಬೈಲಿನಲ್ಲಿ ವಾರಕ್ಕೊಂದು ಅಂಗಿ ತರಿಸಿಕೊಳ್ಳುವ ಕಾಲೇಜು ಹುಡುಗರ ಕಡೆ ಬೆರಳು ತೋರಿಸುತ್ತಾರೆ. ನಮ್ಮ ಬಾಗಲಕೋಟೆ, ವಿಜಯಪುರ ಕಡೆಯ ಮಟ್ಟಿಗೆ ಕೇಳಿದರೆ, ಯಾರೂ ಉಡದ, ಯಾರಿಗೂ ಬೇಡವಾದ ಬಟ್ಟೆ ರಾಶಿ ಬೀಳುವುದು ಮದುವೆ ಮನೆಯಲ್ಲಿ. ಆಯೇರಿಯಲ್ಲಿ, ಅಂದರೆ ಮದುವೆಯಲ್ಲಿ ಬಂಧುಬಳಗದವರು ಒಬ್ಬರಿಗೊಬ್ಬರು ಕೊಡುವ ಬಟ್ಟೆಯ ಉಡುಗೊರೆಯಲ್ಲಿ. ಹೀಗಂದರೆ ಹಿರಿಯರಿಗೆ ಬೇಜಾರಾಗುತ್ತದೆ ಅಂತ ಗೊತ್ತು. ಆದರೂ ಹೇಳಲೇಬೇಕು ಅನಿಸಿದೆ. ಬರುವ ಬೇಸಿಗೆಯಲ್ಲಿ ನಮ್ಮ ಅಣ್ಣನ ಮಗಳ ಮದುವೆ ಇದೆ. ಬಸ್ತಾಕ್ಕೆ, ಅಂದರೆ ಮದುವೆ ಬಟ್ಟೆ ಖರೀದಿಗೆ, ಯಾವಾಗ ಹೋಗುವುದು ಅನ್ನುವ ಮಾತು ಆಗಲೇ ಶುರುವಾಗಿದೆ.

ಬಸ್ತಾಕ್ಕೆ ಹೋದವರಿಗೆಲ್ಲ ಗೊತ್ತಿರುವ ವಿಷಯ ಇದು. ಗಾದಿ ಮೇಲೆ ಕೂತ ಕೂಡಲೇ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ, "ಉಡೂ ಸೀರಿ ತೋರಸ್ಲ್ಯೋ, ಕೊಡೂ ಸೀರಿ ತೋರಸ್ಲ್ಯೋ?" ಉಡುವ ಸೀರೆಗೆ ಅರ್ಧ ದಿನ ಹಿಡಿಯುತ್ತದೆ. ಬಣ್ಣ ನೋಡಿ, ಸೆರಗು ಬಿಡಿಸಿ, ಬೆಳಕಿಗೆ ಹಿಡಿದು, ಹತ್ತು ಜನರ ಅಭಿಪ್ರಾಯ ಕೇಳಿ ಆರಿಸುತ್ತೇವೆ. ಕೊಡುವ ಸೀರೆಗೆ ಐದು ನಿಮಿಷ ಸಾಕು. ಸೂರತ್ತಿನಿಂದ ಬಂದ ಕಟ್ಟು ತಂದು ಮುಂದೆ ಹಾಕುತ್ತಾರೆ. ಒಂದಕ್ಕೆ 150, 200 ರೂಪಾಯಿ. ಬಿಡಿಸಿ ನೋಡುವವರೂ ಇಲ್ಲ. ಎಷ್ಟು ಬೇಕು ಅಂತ ಲೆಕ್ಕ ಹಾಕಿ ಗಂಟು ಕಟ್ಟಿಸುತ್ತೇವೆ. ಜಂಪರ್ ಪೀಸುಗಳದ್ದಂತೂ ಲೆಕ್ಕವೂ ಇಲ್ಲ, ಉಡಿ ತುಂಬಲು ಇರಲಿ ಅಂತ ಡಜನ್‌ಗಟ್ಟಲೆ ಬರುತ್ತವೆ.

ಹೀಗೆ ಕೊಟ್ಟ ಸೀರೆಯನ್ನು ತೆಗೆದುಕೊಂಡವರೂ ಉಡುವುದಿಲ್ಲ. ಟ್ರಂಕಿನಲ್ಲಿ ಇಟ್ಟು ಮುಂದಿನ ಮದುವೆಗೆ ಇನ್ನೊಬ್ಬರಿಗೆ ಕೊಡುತ್ತಾರೆ. ಅವರು ಮತ್ತೊಬ್ಬರಿಗೆ. ಪ್ಲಾಸ್ಟಿಕ್ ಕವರು ಬಿಚ್ಚದೆ ಊರೂರು ತಿರುಗಿದ ಸೀರೆಗಳನ್ನು ನೀವೂ ನೋಡಿರುತ್ತೀರಿ, ಅಲ್ವಾ? ಕೊಡುವವರಿಗೂ ಗೊತ್ತು, ತಗೊಳ್ಳುವವರಿಗೂ ಗೊತ್ತು. ಆದರೆ ಕೊಡದಿದ್ದರೆ ಮಾತು ಬರುತ್ತದೆ ಅನ್ನುವ ಅಂಜಿಕೆ ಇಬ್ಬರಿಗೂ ಇದೆ.

ಕೊನೆಗೆ ಆ ಸೀರೆ ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕಾದರೆ ಹೊಲಗಳ ಕಡೆ ಹೋಗಬೇಕು. ಗೋವಿನಜೋಳ, ಶೇಂಗಾ ಹೊಲಗಳ ಸುತ್ತ ಹಂದಿ ಬರದಂತೆ ಗೂಟಕ್ಕೆ ಸೀರೆ ಕಟ್ಟಿರುತ್ತಾರೆ. ಕೆಂಪು, ಹಳದಿ, ಗಿಳಿಹಸಿರು. ದೂರದಿಂದ ಜಾತ್ರೆಯ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ಮುಟ್ಟಿದರೆ ಬಿಸಿಲಿಗೆ ಲಡ್ಡಾಗಿ ಕೈಯಲ್ಲೇ ಚೂರಾಗುತ್ತದೆ. ಆ ಚೂರುಗಳು ಗಾಳಿಗೆ ಹಾರಿ ಅದೇ ಹೊಲದಲ್ಲಿ ಬೀಳುತ್ತವೆ. ತಿಪ್ಪೆಗೆ ಹೋದವು ಗೊಬ್ಬರದ ಜೊತೆ ಮತ್ತೆ ಹೊಲಕ್ಕೇ ಬರುತ್ತವೆ. ಹರಗುವಾಗ ಕುಂಟೆಯ ಕುಡಕ್ಕೆ ಸುತ್ತಿಕೊಂಡ ಸೀರೆ ಚಿಂದಿಯನ್ನು ಬಿಡಿಸಲು ನಮ್ಮ ಅಣ್ಣ ಆಗಾಗ ಎತ್ತು ನಿಲ್ಲಿಸಬೇಕಾಗುತ್ತದೆ. ಸಗಣಿ ಕರಗಿದೆ, ಹೊಟ್ಟು ಕರಗಿದೆ, ಸೀರೆಯ ಅಂಚು ಮಾತ್ರ ಹೊಸದರ ಹಾಗೆ ಹೊಳೆಯುತ್ತಿರುತ್ತದೆ.

ಕರಗದಿರುವುದಕ್ಕೆ ಕಾರಣ ಸರಳ. ಪಾಲಿಯೆಸ್ಟರ್ ಅಂದರೆ ಪೆಟ್ರೋಲಿಯಂನಿಂದ ಮಾಡಿದ ಪ್ಲಾಸ್ಟಿಕ್. ನೀರಿನ ಬಾಟಲಿ ಯಾವುದರದ್ದೋ ಈ ನೂಲೂ ಅದರದ್ದೇ. ಇವತ್ತು ಜಗತ್ತಿನಲ್ಲಿ ತಯಾರಾಗುವ ನೂಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಇದೆ. ಒಗೆದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಉದುರಿ ಗಟಾರಕ್ಕೆ, ಹಳ್ಳಕ್ಕೆ ಹೋಗುತ್ತವೆ. ಸುಟ್ಟರೆ ಕೆಟ್ಟ ಹೊಗೆ, ಹೂಳಿದರೆ ಹಾಗೇ ಉಳಿಯುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ದಿನಾ ಕಳೆ ತೆಗೆಯಲು ಹೋಗುವ ಹೆಣ್ಣುಮಗಳು ಸಿಂಥೆಟಿಕ್ ಸೀರೆ ಉಟ್ಟರೆ ನಾನು ಒಂದು ಮಾತೂ ಆಡುವುದಿಲ್ಲ. ಅದು ಬೇಗ ಒಣಗುತ್ತದೆ, ಇಸ್ತ್ರಿ ಬೇಡ, ಮುಳ್ಳಿಗೆ ಸಿಕ್ಕರೂ ಸುಲಭಕ್ಕೆ ಹರಿಯುವುದಿಲ್ಲ, ಕಡಿಮೆ ದುಡ್ಡಿಗೆ ಸಿಗುತ್ತದೆ. ಆಕೆ ಅದನ್ನು ಹರಿಯುವ ತನಕ ಉಡುತ್ತಾಳೆ. ಪರಿಸರದ ಪಾಠವನ್ನು ಆಕೆಗೆ ಹೇಳುವ ಯೋಗ್ಯತೆ ನಮಗಿಲ್ಲ. ನನ್ನ ತಕರಾರು ಇರುವುದು ಉಡುವುದಕ್ಕೆ ಅಂತ ತಯಾರೇ ಆಗದ, ಬರೀ ಕೊಡುವುದಕ್ಕೆ ಅಂತ ತಯಾರಾದ ಬಟ್ಟೆಯ ಮೇಲೆ.

ಇದೆಲ್ಲ ಎಲ್ಲಿ ನಡೆಯುತ್ತಿದೆ ನೋಡಿ. ಇಳಕಲ್ ನಮ್ಮ ಜಿಲ್ಲೆಯಲ್ಲಿದೆ. ಗುಳೇದಗುಡ್ಡ ನಮ್ಮ ಜಿಲ್ಲೆಯಲ್ಲಿದೆ. ರಬಕವಿ, ಬನಹಟ್ಟಿ, ಕಮತಗಿ, ಸೂಳೇಭಾವಿ ಎಲ್ಲ ಮಗ್ಗದ ಸದ್ದಿನ ಊರುಗಳು. ಇಳಕಲ್ ಸೀರೆಗೂ ಕುಬಸ ಹೊಲಿಸುವ ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಮಾನ್ಯತೆ, ಅದೇ ಜಿಐ ಟ್ಯಾಗ್, ಇದೆ. ಅಷ್ಟಿದ್ದೂ ನಮ್ಮ ಮದುವೆಗಳಲ್ಲಿ ಉಡಿ ತುಂಬುವುದು ಸೂರತ್ತಿನ ಪಾಲಿಯೆಸ್ಟರ್ ಪೀಸಿನಿಂದ. ಸೀಮಂತಕ್ಕೆ ಕುಬಸ, ಅಂದರೆ ಕುಪ್ಪಸ, ಅಂತಲೇ ಕರೆಯುವ ನಾಡು ನಮ್ಮದು. ಆ ಕುಬಸಕ್ಕೂ ಈಗ ಜಾರುವ ಬಟ್ಟೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಲ್ಲಿ, ಬಸುರಿ ಹೆಣ್ಣುಮಗಳಿಗೆ ಬೆವರು ಹೀರದ ಬಟ್ಟೆ ತೊಡಿಸಿ ಕೂರಿಸುತ್ತೇವೆ. ಇದು ನನಗೆ ನಿಜಕ್ಕೂ ಸಂಕಟ ಕೊಡುತ್ತದೆ.

ಇಳಕಲ್ಲಿನಲ್ಲಿ ಕುಣಿಮಗ್ಗದ ಮುಂದೆ ಒಮ್ಮೆ ಕೂತು ನೋಡಬೇಕು. ನೇಕಾರರು ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಾರೆ. ಕರೆಂಟಿನ ಹಂಗಿಲ್ಲ. ಸೀರೆಯ ಒಡಲಿನ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಒಡಲಿನ ಎಳೆಗಳಿಗೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಅದೇ ಟೋಪ್ ತೆನಿ ಸೆರಗು. ಹೀಗಾಗಿ ಒಂದೊಂದು ಸೀರೆಗೂ ಹಾಸು ಬೇರೆ ಬೇರೆಯಾಗಿಯೇ ತಯಾರಾಗಬೇಕು. ಒಡಲು ಮುಗಿದು ಸೆರಗು ಶುರುವಾಗುವ ಜಾಗವನ್ನು ತಿರುವಿ ನೋಡಿದರೆ ಆ ಜೋಡಣೆ ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ನೇಯುವವರು ಒಬ್ಬರೇ ಕಂಡರೂ ಕಂಡಿಕೆ ಸುತ್ತುವವರು, ಬಣ್ಣ ಹಾಕುವವರು, ಹಾಸು ಹೂಡುವವರು ಅಂತ ಇಡೀ ಮನೆ, ಇಡೀ ಓಣಿ ಅದರ ಹಿಂದೆ ಇರುತ್ತದೆ. ಗುಳೇದಗುಡ್ಡದಲ್ಲೂ ಹಾಗೆಯೇ. ಸೂಜಿಮಲ್ಲಿಗೆ, ತೇರು, ಆನೆಹೆಜ್ಜೆ ಅಂತ ಖಣದ ಒಂದೊಂದು ವಿನ್ಯಾಸಕ್ಕೂ ಒಂದೊಂದು ಹೆಸರಿದೆ.

ಹಾಗಂತ ಕೈಮಗ್ಗ ಅಂದ ಕೂಡಲೇ ಎಲ್ಲವೂ ಶುದ್ಧ ಅಂತ ನಾನು ಹೇಳುವುದಿಲ್ಲ. ಇಳಕಲ್ ಸೀರೆಯಲ್ಲೂ ಇವತ್ತು ಶುದ್ಧ ರೇಷ್ಮೆ ಬದಲು ಚಮಕಾ, ಅಂದರೆ ರೇಷ್ಮೆಯ ಹಾಗೆ ಹೊಳೆಯುವ ರೇಯಾನ್ ನೂಲು, ಹಾಕಿದ್ದೇ ಜಾಸ್ತಿ ಸಿಗುತ್ತದೆ. ಪವರ್‌ಲೂಮಿನಲ್ಲಿ ಪಾಲಿಯೆಸ್ಟರಿನಿಂದ ನೇಯ್ದು ಇಳಕಲ್ ಅಂತ ಮಾರುವವರೂ ಇದ್ದಾರೆ. ಕೈಮಗ್ಗಕ್ಕೆಂದು 11 ಬಗೆಯ ಬಟ್ಟೆಗಳನ್ನು ಮೀಸಲಿಟ್ಟ 1985ರ ಕಾನೂನು ಇದ್ದರೂ ಅಂಗಡಿಯ ಕಪಾಟಿನಲ್ಲಿ ಅದರ ನೆನಪು ಯಾರಿಗೂ ಇದ್ದಂತಿಲ್ಲ. ಬಣ್ಣ ಹಾಕಿದ ನೀರು ಎಲ್ಲಿಗೆ ಹೋಗುತ್ತದೆ ಅನ್ನುವ ಪ್ರಶ್ನೆಯೂ ಇದೆ. ಹತ್ತಿಯದ್ದೂ ಒಂದು ಕಥೆ. ನಮ್ಮ ಎರೆ ಹೊಲಗಳಲ್ಲಿ ಜಯಧರದಂಥ ಜವಾರಿ ಹತ್ತಿ ಮಳೆ ನೀರು, ಮಣ್ಣಿನ ಹಸಿಯಲ್ಲೇ ಬೆಳೆಯುತ್ತಿತ್ತು. ಬೇರು ಆಳಕ್ಕೆ ಇಳಿಯುತ್ತಿತ್ತು, ಔಷಧ ಹೊಡೆಯುವ ಕೆಲಸ ಕಡಿಮೆ. ಆದರೆ ಅದರ ಎಳೆ ಗಿಡ್ಡ. ಮಿಲ್ಲುಗಳಿಗೆ ಉದ್ದ ಎಳೆಯೇ ಬೇಕು. 2002ರಲ್ಲಿ ಕುಲಾಂತರಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ದೇಶದ ಬಹುಪಾಲು ಹತ್ತಿ ಹೊಲ ಅದರದ್ದೇ ಆಯಿತು. ಆಮೇಲೆ ಗುಲಾಬಿ ಕಾಯಿಕೊರಕ ಹುಳ ಅದಕ್ಕೂ ಜಗ್ಗದಂತಾಯಿತು, ಮತ್ತೆ ಔಷಧದ ಡಬ್ಬಿ ಹೊಲಕ್ಕೆ ಬಂತು. ಆದ್ದರಿಂದ ಹತ್ತಿ ಬಟ್ಟೆ ಕೊಂಡರೆ ಪುಣ್ಯ ಬಂತು ಅಂತಲ್ಲ. ಆದರೂ ಪಾಲಿಯೆಸ್ಟರ್ ಜೊತೆ ಹೋಲಿಸಿದಾಗ ಹತ್ತಿಯ ಪರವಾಗಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ಅದು ಎಷ್ಟೋ ವರ್ಷ ಮೈಮೇಲೆ ಇರುತ್ತದೆ, ಕೊನೆಗೆ ಮಣ್ಣಾಗುತ್ತದೆ.

ನಡುವೆ ಇರುವ ಬಾಳಿಕೆಯೇ ದೊಡ್ಡ ವಿಷಯ. ನಮ್ಮವ್ವನ ಹತ್ತಿ ನೂಲಿನ ಇಳಕಲ್ ಸೀರೆ ಮೊದಲು ಹಬ್ಬಕ್ಕೆ, ಆಮೇಲೆ ಊರಿಗೆ ಹೋಗಲು, ಆಮೇಲೆ ಮನೆಯಲ್ಲಿ, ಆಮೇಲೆ ಕೂಸಿನ ತೊಟ್ಟಿಲಿಗೆ, ಕೊನೆಗೆ ಕೌದಿಗೆ. ಕೌದಿ ಇಲ್ಲದ ಮನೆ ನಮ್ಮ ಕಡೆ ಇರಲಿಲ್ಲ. ಹಳೆ ಸೀರೆ, ಧೋತರ ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಗೆ ಸುತ್ತಿಕೊಂಡು ಬರುವ ಹಾಗೆ ಒಂದೇ ಅಳತೆಯ ಹೊಲಿಗೆ ಹಾಕುತ್ತಾರೆ. ಈ ಸಲ ನಮ್ಮ ಮನೆಗೆ ಕೌದಿ ಹೊಲಿಯುವ ಅಜ್ಜಿ ಬಂದಾಗ ಟ್ರಂಕಿನಲ್ಲಿದ್ದ ಆಯೇರಿ ಸೀರೆಗಳನ್ನೆಲ್ಲ ತಂದು ಮುಂದಿಟ್ಟೆವು. ಆಕೆ ಒಂದೊಂದನ್ನೂ ಹೆಬ್ಬೆರಳಿನಿಂದ ಉಜ್ಜಿ ನೋಡಿ ಪಕ್ಕಕ್ಕೆ ಹಾಕಿದರು. "ಅಕ್ಕಾರ, ಇವು ಕೌದಿಗೆ ಬರೂದಿಲ್ರಿ. ಹೊಲಿಗಿ ಹಾಕಿದ್ರ ಜಾರತಾವ. ಹೊಚಗೊಂಡ್ರ ಮೈ ಕುದಿತೈತಿ." ಮೇಲಿನ ಒಂದು ಪದರಕ್ಕೆ, ಚಂದ ಕಾಣಲಿ ಅಂತ, ಎರಡು ಸೀರೆ ಆರಿಸಿಕೊಂಡರು. ಉಳಿದ ಗಂಟು ಹಾಗೇ ಇದೆ.

ಆಯೇರಿ ಕೊಡಲೇಬಾರದು ಅಂತಲ್ಲ. ಬಟ್ಟೆ ಕೊಡುವುದು ಮನುಷ್ಯರಿಗೆ ಮರ್ಯಾದೆ ಕೊಡುವ ರೀತಿ, ಅದರ ಮೇಲೆ ನನಗೆ ಪ್ರೀತಿಯೇ ಇದೆ. ಬಟ್ಟೆಗೆ ಬೆಲೆ ಕೊಟ್ಟ ನೆಲ ಇದು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಕಾಂಗ್ರೆಸ್ ಸದಸ್ಯರಾಗಬೇಕಾದರೆ ತಿಂಗಳಿಗೆ 2000 ಗಜ ನೂಲು ಕೊಡಬೇಕು ಅನ್ನುವ ನಿಯಮ ಒಪ್ಪಿಕೊಂಡಿದ್ದರು. ಬೆಳಗಾವಿ ಪಕ್ಕದ ಹುದಲಿ, ಸ್ವಾತಂತ್ರ್ಯ ಹೋರಾಟಗಾರ ಗಂಗಾಧರರಾವ್ ದೇಶಪಾಂಡೆಯವರ ಊರು, ಇವತ್ತಿಗೂ ಖಾದಿಯ ಹೆಸರಿನಲ್ಲೇ ಗೊತ್ತು. ಇನ್ನೊಂದು ಕಡೆ ದೇಶದ ಕೈಮಗ್ಗ ಗಣತಿ ನೋಡಿ. 2009-10ರಲ್ಲಿ 43 ಲಕ್ಷ ಇದ್ದ ನೇಕಾರರು ಮತ್ತು ಮಗ್ಗದ ಕೆಲಸಗಾರರು 2019-20ರ ಹೊತ್ತಿಗೆ 35 ಲಕ್ಷಕ್ಕೆ ಇಳಿದಿದ್ದಾರೆ. ನಮ್ಮ ಕಣ್ಣೆದುರಿನ ಓಣಿಗಳಲ್ಲೇ ಮಗ್ಗದ ಕುಣಿ ಮುಚ್ಚಿ ಟೈಲ್ಸ್ ಹಾಕಿಸಿದ ಮನೆಗಳಿವೆ.

ಹಾಗಾಗಿ ಅಣ್ಣ ಅತ್ತಿಗೆ ಜೊತೆ ಕೂತು ಮಾತಾಡಿದೆವು. ಐವತ್ತು ಜನರಿಗೆ ಕೊಡುವ ಸೀರೆಯ ಬದಲು, ನಿಜವಾಗಿ ಹತ್ತಿರದ ಕೆಲವರಿಗೆ ಮಾತ್ರ ಬನಹಟ್ಟಿಯ ಹತ್ತಿ ನೂಲಿನ ಸೀರೆ, ಅದೂ ಅವರಿಗೆ ಯಾವ ಬಣ್ಣ ಬೇಕು ಅಂತ ಕೇಳಿಯೇ ತರುವುದು. ಉಡಿ ತುಂಬಲು ಗುಳೇದಗುಡ್ಡದ ಖಣ, ಸಂಖ್ಯೆ ಕಡಿಮೆ ಇದ್ದರೂ ಪರವಾಗಿಲ್ಲ. ಗಂಡಸರಿಗೆ ಶಾಲು ಬೇಡ, ದಿನಾ ಬಳಸುವ ಕೈಮಗ್ಗದ ಟವೆಲ್ ಸಾಕು. ಕಾರ್ಡಿನಲ್ಲಿ "ದಯವಿಟ್ಟು ಆಯೇರಿ ತರಬೇಡಿ" ಅಂತ ಹಾಕಿಸುವುದು. ಒಟ್ಟು ಖರ್ಚು ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ.

ಕೊಳ್ಳುವಾಗ ಅನುಮಾನ ಬಂದರೆ ಒಂದು ಸಣ್ಣ ಪರೀಕ್ಷೆ ಇದೆ. ಅಂಚಿನಿಂದ ಒಂದೆರಡು ಎಳೆ ಕಿತ್ತು ಕಡ್ಡಿ ಗೀರಿ ಹಚ್ಚಿ. ಹತ್ತಿ ನೂಲಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಆದರೆ ಕರಗಿ ಮುದುಡಿ, ಆರಿದ ಮೇಲೆ ಕಪ್ಪು ಗುಂಡಿನ ಹಾಗೆ ಗಟ್ಟಿಯಾಗುತ್ತದೆ, ಉಗುರಿನಿಂದ ಒತ್ತಿದರೂ ಒಡೆಯುವುದಿಲ್ಲ. ಚಮಕಾ ಮತ್ತು ಹತ್ತಿಯ ವ್ಯತ್ಯಾಸ ಮಾತ್ರ ಇದರಲ್ಲಿ ಗೊತ್ತಾಗುವುದಿಲ್ಲ, ಎರಡೂ ಒಂದೇ ಹಾಗೆ ಉರಿಯುತ್ತವೆ. ಕೈಯಿಂದ ನೇಯ್ದದ್ದಾ ಅಂತ ತಿಳಿಯಲು ಕೈಮಗ್ಗದ ಮಾರ್ಕ್ ಇದೆಯಾ ನೋಡಿ, ಸಾಧ್ಯವಾದರೆ ನೇಕಾರರ ಸಹಕಾರ ಸಂಘದಲ್ಲೇ ಕೊಳ್ಳಿ.

ಅಣ್ಣ ಒಪ್ಪಿದ್ದಾನೆ. ಅತ್ತಿಗೆಗೆ ಇನ್ನೂ ಅಂಜಿಕೆ ಇದೆ. "ನಮ್ಮ ಮಂದಿ ತಿಳ್ಕೋತಾರ. ಬೀಗರ ಕಡ್ಯಾವ್ರು ಏನಂದಾರು?" ಅನ್ನುವುದು ಅವರ ಪ್ರಶ್ನೆ. ಅದು ಸಣ್ಣ ಪ್ರಶ್ನೆಯಲ್ಲ, ನಾಳೆ ಹುಡುಗಿ ಆ ಮನೆಯಲ್ಲಿ ಬಾಳಬೇಕು. ಮುಂದಿನ ವಾರ ಸಿಂದಗಿಗೆ ಹೋಗಿ ಬೀಗರ ಜೊತೆ ನೇರವಾಗಿ ಮಾತಾಡಬೇಕು ಅಂತಿದ್ದೇವೆ. ನಿಮ್ಮ ಮನೆಯಲ್ಲಿ ಯಾರಾದರೂ ಈಗಾಗಲೇ ಹೀಗೆ ಮದುವೆ ಮಾಡಿದ್ದರೆ, ಬೀಗರಿಗೆ ಈ ಮಾತನ್ನು ಹೇಗೆ ಹೇಳಿದಿರಿ ಅಂತ ದಯವಿಟ್ಟು ತಿಳಿಸಿ.