ದೀಪ ಮಂದವಾದರೆ ಡೈನಮೋ ಯಾಕೆ ಕೀಳ್ತೀರಿ?

ಹಳೇ ಟ್ರ್ಯಾಕ್ಟರಿಗೆ ಮರುಜೀವ ಕೊಟ್ಟವರ ಫೋಟೋ ಕಂಡರೆ ನಾನು ಲೈಕ್ ಒತ್ತದೆ ಮುಂದೆ ಹೋಗಲ್ಲ. ಆದರೆ ಕೆಳಗೆ "ಹಳೇ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದೆ, ಎಲ್‌ಇಡಿ ಕೂರಿಸಿದೆ, ಈಗ ಬೆಳಕು ಸೂಪರ್" ಅಂತ ಬರೆದಿದ್ದರೆ ಹೊಟ್ಟೆ ಉರಿಯುತ್ತೆ. ಡೈನಮೋ ಅಂದ್ರೆ ಇಂಜಿನ್ ಬಲದಲ್ಲಿ ತಿರುಗಿ ಕರೆಂಟು ಹುಟ್ಟಿಸೋ ಹಳೇ ಯಂತ್ರ, ಆಲ್ಟರ್ನೇಟರ್ ಅದೇ ಕೆಲಸದ ಹೊಸ ತಲೆಮಾರು. ಮೊದಲು ಬೆಳಕು ಯಾಕೆ ಕಮ್ಮಿ ಇತ್ತು ಅಂತ ಯಾರಾದ್ರೂ ನೋಡಿದ್ರಾ?

ಲೆಕ್ಕ ಹಾಕಿ ನೋಡಿ. 36 ವ್ಯಾಟಿನ ಎರಡು ಹೆಡ್‌ಲೈಟ್ ಅಂದ್ರೆ 72 ವ್ಯಾಟ್. 12 ವೋಲ್ಟಿನಲ್ಲಿ ಅದು ಎಳೆಯೋದು ಬರೀ 6 ಆಂಪಿಯರ್. ಸುಸ್ಥಿತಿಯಲ್ಲಿರೋ ಸಣ್ಣ ಡೈನಮೋಗೂ ಅದು ದೊಡ್ಡ ಹೊರೆಯಲ್ಲ. ಹಾಗಾದ್ರೆ ಬೆಳಕು ಎಲ್ಲಿ ಸೋರಿಹೋಗುತ್ತೆ? ವೈರಿನ ತುದಿಯ ತುಕ್ಕು ಹಿಡಿದ ಲಗ್ಗಲ್ಲಿ, ಸಡಿಲವಾದ ಬಲ್ಬ್ ಹೋಲ್ಡರಲ್ಲಿ, ಸ್ವಿಚ್ಚಿನ ಸುಟ್ಟ ಪಾಯಿಂಟಲ್ಲಿ. ಇವೆಲ್ಲ ಸೇರಿ 0.1 ಓಮ್ ತಡೆ ಇದ್ದರೆ 12 ವೋಲ್ಟಿನ ಗಾಡಿ ಕಳೆದುಕೊಳ್ಳೋದು 0.6 ವೋಲ್ಟ್, ಅಂದ್ರೆ ಶೇಕಡ 5. ಅದೇ ತಡೆ 1947ರಿಂದ 52ರವರೆಗೆ ಬಂದ ಫೋರ್ಡ್ 8ಎನ್‌ನಂಥ 6 ವೋಲ್ಟ್ ಟ್ರ್ಯಾಕ್ಟರಿನಲ್ಲಿದ್ದರೆ? ಅಷ್ಟೇ ವ್ಯಾಟಿಗೆ ಕರೆಂಟು ದುಪ್ಪಟ್ಟು, ಹೋಗೋದು 1.2 ವೋಲ್ಟ್, ಹೆಚ್ಚುಕಮ್ಮಿ ಶೇಕಡ 20. ಫಿಲಮೆಂಟ್ ಬಲ್ಬಿಗೆ ವೋಲ್ಟೇಜ್ ಶೇಕಡ 10 ಇಳಿದರೇ ಬೆಳಕು ಸುಮಾರು ಶೇಕಡ 30 ಬಿದ್ದುಹೋಗುತ್ತೆ. 20 ಇಳಿದರೆ ಅರ್ಧವೂ ಉಳಿಯಲ್ಲ. "6 ವೋಲ್ಟಿನ ಲೈಟು ಅಂದ್ರೆ ಮಿಣುಕು ದೀಪ" ಅನ್ನೋ ಅಪವಾದ ಹುಟ್ಟಿದ್ದು ಬಹುಪಾಲು ಇಲ್ಲಿಂದ. ಅದಕ್ಕೆ ದಪ್ಪ ವೈರ್ ಬೇಕು, ಅಷ್ಟೇ. 12 ವೋಲ್ಟಿಗೆ ಹಾಕೋ ಸಣ್ಣ ವೈರ್ ಎಳೆದು ಆಮೇಲೆ ಡೈನಮೋ ಬೈದರೆ ಏನು ಬಂತು?

ದೊಡ್ಡ ಖಳನಾಯಕ ಮಾತ್ರ ಅರ್ಥಿಂಗು. ದೀಪಕ್ಕೆ ಒಂದೇ ವೈರ್ ಬರುತ್ತೆ, ಕರೆಂಟು ಬ್ಯಾಟರಿಗೆ ವಾಪಸ್ ಹೋಗೋ ದಾರಿ ಗಾಡಿಯ ಲೋಹದ ಬಾಡಿ, ಅದೇ ಅರ್ಥ್. ಮಡ್‌ಗಾರ್ಡಿಗೆ, ಬ್ರಾಕೆಟ್ಟಿಗೆ, ಡೂಮಿಗೆ (ಹೆಡ್‌ಲೈಟಿನ ಬಟ್ಟಲಿಗೆ) ಮೂರು ಕೋಟ್ ಹೊಸ ಬಣ್ಣ ಹೊಡೆದು ಬೋಲ್ಟ್ ಬಿಗಿದರೆ ಆ ದಾರಿಯೇ ಮುಚ್ಚಿಹೋಯ್ತು. ಬ್ರೇಕ್ ಒತ್ತಿದಾಗ ಹಿಂದಿನ ದೀಪ ಮಂಕಾಗೋದು, ಇಂಡಿಕೇಟರ್ ಹಾಕಿದರೆ ಪಕ್ಕದ ಬಲ್ಬೂ ಕಣ್ಣು ಮಿಟುಕಿಸೋದು, ಇದೆಲ್ಲ ಇದರದೇ ಲಕ್ಷಣ. ದೀಪ ಉರೀತಿರುವಾಗ ವೋಲ್ಟ್ ಮೀಟರಿನ ಒಂದು ತುದಿ ಬ್ಯಾಟರಿಯ ಅರ್ಥ್ ಪೋಸ್ಟಿಗೆ, ಇನ್ನೊಂದು ದೀಪದ ಬಾಡಿಗೆ ಇಡಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ತೋರಿಸಿದರೆ ಬೋಲ್ಟ್ ಬಿಚ್ಚಿ, ಲೋಹ ಹೊಳೆಯೋವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ನಾನಾದ್ರೆ ಪ್ರತಿ ದೀಪದಿಂದ ಒಂದು ಅರ್ಥ್ ವೈರನ್ನೂ ಚಾಸಿಗೆ ಎಳೀತೀನಿ. ಮೂಲದಲ್ಲಿ ಇರಲಿಲ್ಲ ನಿಜ. ಫ್ಯೂಸೂ ಎಷ್ಟೋ ಗಾಡಿಗಳಲ್ಲಿ ಇರಲಿಲ್ಲ, ಅದನ್ನೂ ಹಾಕ್ತೀನಿ. ಮೂಲದ ಮೇಲಿನ ಭಕ್ತಿಗೂ ಒಂದು ಮಿತಿ ಬೇಕಲ್ಲ, ಬೆಂಕಿ ಬಿದ್ದ ಮೇಲೆ ಮೂಲ ಎಲ್ಲಿ ಉಳಿಯುತ್ತೆ?

ವೈರಿನ ವಿಷಯ ಚಿಕ್ಕದು. ಬಟ್ಟೆ ಸುತ್ತಿದ ಹಳೇ ವೈರಿನ ಒಳಗಿನ ರಬ್ಬರ್ ಮುಟ್ಟಿದರೆ ಉದುರುತ್ತೆ, ಅದನ್ನು ಉಳಿಸೋ ಆಸೆ ಬಿಡಿ. ಮೇಲೆ ಬಟ್ಟೆ, ಒಳಗೆ ಪಿವಿಸಿ ಇರೋ ಹೊಸ ವೈರ್ ಸಿಗುತ್ತೆ.

ಪಾಸಿಟಿವ್ ಅರ್ಥ್, ಅಂದ್ರೆ ಬ್ಯಾಟರಿಯ ಪ್ಲಸ್ ತುದಿಯನ್ನು ಬಾಡಿಗೆ ಕೊಟ್ಟಿರೋ ಹಳೇ ಪದ್ಧತಿ, ಅಂದಕೂಡಲೇ ಹೆದರೋರಿದ್ದಾರೆ. ಡೈನಮೋ, ಸೆಲ್ಫು, ಮಾಮೂಲಿ ಬಲ್ಬು ಯಾವುದೂ ಅದಕ್ಕೆ ತಕರಾರು ಮಾಡಲ್ಲ. ತೊಂದರೆ ಶುರುವಾಗೋದೇ ನೀವು ಹೊಸದು ತಂದಾಗ: ಬ್ಯಾಟರಿ ಉಲ್ಟಾ ಕೊಟ್ಟರೆ ಆಲ್ಟರ್ನೇಟರಿನ ಡಯೋಡ್ ಕ್ಷಣದಲ್ಲಿ ಸುಟ್ಟು ಹೋಗುತ್ತೆ, ಎಷ್ಟೋ ಎಲ್‌ಇಡಿ ಹೊತ್ತೋದೇ ಇಲ್ಲ. ನೆಗೆಟಿವ್ ಅರ್ಥಿಗೆ ಬದಲಿಸಲೇಬೇಕು ಅಂತಿದ್ದರೂ ಹಳೇ ಡೈನಮೋ ನಡೆಯುತ್ತೆ. ಲೂಕಾಸ್ ಕಂಪನಿಯ ಮಾದರಿಯದಾದರೆ, ಬ್ಯಾಟರಿ ತಿರುಗಿಸಿ ಕೊಟ್ಟ ಮೇಲೆ ಡೈನಮೋದ ಎಫ್ (ಫೀಲ್ಡ್) ಟರ್ಮಿನಲ್ಲಿನ ವೈರ್ ಬಿಚ್ಚಿ, ಬ್ಯಾಟರಿಯ ಲೈವ್ ವೈರನ್ನು ಅಲ್ಲಿಗೆ ಒಂದೆರಡು ಸಲ ಚಟ್ ಅಂತ ತಾಗಿಸಿದರೆ ಒಳಗೆ ಉಳಿದಿರೋ ಅಯಸ್ಕಾಂತದ ದಿಕ್ಕು ತಿರುಗುತ್ತೆ. ಗಾಡಿಯ ಆಂಪಿಯರ್ ಮೀಟರಿನ ಎರಡು ವೈರ್ ಅದಲುಬದಲು ಮಾಡೋದು ಮರೀಬೇಡಿ.

ಒಪ್ಪಿಕೊಳ್ತೀನಿ, ಇಂಜಿನ್ ನಿಧಾನ ಓಡುವಾಗ ಡೈನಮೋ ಚಾರ್ಜ್ ಮಾಡಲ್ಲ. ರಾತ್ರಿಯೆಲ್ಲ ದುಡಿಯೋ ಗಾಡಿಯಾದರೆ ಆಲ್ಟರ್ನೇಟರ್ ಹಾಕಿ, ನನ್ನ ಜಗಳ ಇಲ್ಲ. ರಸ್ತೆಗೆ ಇಳಿಸೋದಾದ್ರೆ ಹಿಂದಿನ ಕೆಂಪು ದೀಪಕ್ಕೆ ಎಲ್‌ಇಡಿಯೂ ಸರಿಯೇ, ಕಾಣಿಸಿದರೆ ಸಾಕು. ಮುಂದಿನ ಡೂಮಿಗೆ ಮಾತ್ರ ಬೇಡ. ಆ ರಿಫ್ಲೆಕ್ಟರ್ ಮಾಡಿರೋದು ಫಿಲಮೆಂಟ್ ಇರೋ ಆ ಒಂದು ಬಿಂದುವಿಗೆ. ಎಲ್‌ಇಡಿ ಹಾಕಿದರೆ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿಗೆ ಬರೋರ ಕಣ್ಣಿಗೆ ಹೊಡೆಯುತ್ತೆ. ರಿಫ್ಲೆಕ್ಟರ್ ಮಾಸಿದ್ದರೆ ಪಾಲಿಶ್ ಹಾಕಿ ಗಸಗಸ ಉಜ್ಜಬೇಡಿ, ತೆಳು ಲೇಪ ಪೂರಾ ಎದ್ದು ಬರುತ್ತೆ. ಮತ್ತೆ ಬೆಳ್ಳಿ ಲೇಪ ಹಾಕಿಸಿ, ಅದಕ್ಕೆ ಹೇಳಿದ ವ್ಯಾಟಿನ ಬಲ್ಬು ಹಾಕಿ. ಅಷ್ಟಾದ ಮೇಲೂ ಮಂಕಾಗಿದ್ದರೆ ಆಗ ಡೈನಮೋ ಬಿಚ್ಚೋಣ, ಅದೂ ಬರೀ ಒಳಗೆ ಸವೆಯೋ ಕಾರ್ಬನ್ ಬ್ರಷ್ ನೋಡೋಕೆ.