ಪೊಲೀಸರಿಗೇ ಮನಸ್ಸಿರಲಿಲ್ಲ, ಆದರೂ ಒಕ್ಕಲೆಬ್ಬಿಸಿದರು

ಪೊಲೀಸರನ್ನು ದೊಡ್ಡವರ ಮುಷ್ಟಿಯಿಂದ ಬಿಡಿಸಿಬಿಟ್ಟರೆ ಸಾಕು, ಬಡವನಿಗೆ ನ್ಯಾಯ ತಾನಾಗಿ ಸಿಗುತ್ತದೆ ಎಂಬ ಮಾತನ್ನು ಟೀವಿ ಚರ್ಚೆಗಳಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಹಾಗೆ ಹೇಳುವವರ ಕಾಳಜಿಯ ಮೇಲೆ ತಕರಾರಿಲ್ಲ. ಆದರೆ ಈ ಪ್ರಯೋಗವನ್ನು ಒಂದು ದೇಶದಲ್ಲಿ ನಿಜಕ್ಕೂ ಮಾಡಿ ನೋಡಿದ್ದಾರೆ. ದೇಶ ಆಗ ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ಐರ್ಲೆಂಡ್, ವರ್ಷ 1836. ಅದಾಗಿ ಇಪ್ಪತ್ತೈದು ವರ್ಷಕ್ಕೆ ಡೊನಿಗಾಲ್ ಎಂಬ ಜಿಲ್ಲೆಯ ಬೆಟ್ಟದ ಸೀಮೆಯಲ್ಲಿ ನಡೆದದ್ದನ್ನು ಓದಿದ ಮೇಲೆ ಈ ವಾದವನ್ನು ಸಲೀಸಾಗಿ ಒಪ್ಪುವುದು ನನ್ನಿಂದ ಆಗುತ್ತಿಲ್ಲ.

ಮೊದಲು ಆಗಿನ ಸ್ಥಿತಿ. ಐರ್ಲೆಂಡಿನ ಅರ್ಧದಷ್ಟು ಭೂಮಿ ಎಂಟುನೂರರ ಆಸುಪಾಸಿನ ಮನೆತನಗಳ ಕೈಯಲ್ಲಿತ್ತು. ಧಣಿಗಳು ಬಹುಪಾಲು ಪ್ರಾಟೆಸ್ಟೆಂಟರು, ಉಳುವವರು ಬಹುಪಾಲು ಕ್ಯಾಥೊಲಿಕರು. ಗೇಣಿ ವಸೂಲಿಗೆ ಏಜೆಂಟ್ ಇರುತ್ತಿದ್ದ. ಧಣಿ ಎಷ್ಟೋ ಸಲ ಲಂಡನ್ನಿನಲ್ಲೋ ಡಬ್ಲಿನ್ನಿನಲ್ಲೋ ಇರುತ್ತಿದ್ದ. ಹೆಚ್ಚಿನ ಒಕ್ಕಲುಗಳಿಗೆ ಗೇಣಿಪತ್ರವೇ ಇರಲಿಲ್ಲ. ಧಣಿ ಇರು ಅಂದಷ್ಟು ಕಾಲ ಇರಬೇಕು, ಏಳು ಅಂದಾಗ ಏಳಬೇಕು. ಊರಿನ ಮ್ಯಾಜಿಸ್ಟ್ರೇಟ್ ಯಾರು? ಅದೇ ಧಣಿ, ಇಲ್ಲವೇ ಅವನ ಪಕ್ಕದ ಎಸ್ಟೇಟಿನವನು. ಜಿಲ್ಲೆಯ ತೆರಿಗೆ ಹಾಕಿ ರಸ್ತೆ, ಜೈಲು ನೋಡಿಕೊಳ್ಳುತ್ತಿದ್ದ ಗ್ರ್ಯಾಂಡ್ ಜ್ಯೂರಿಯಲ್ಲಿ ಕೂರುತ್ತಿದ್ದವರೂ ಅವರೇ. ಕಾವಲಿನವರನ್ನು ನೇಮಿಸುತ್ತಿದ್ದವರೂ ಅವರೇ. ಹೀಗಿರುವಾಗ ರಾತ್ರಿ ಮುಖಕ್ಕೆ ಮಸಿ ಬಳಿದುಕೊಂಡು ಬಂದು ಧಣಿಯ ದನಗಳ ಕಾಲು ಕಡಿಯುವ, ಏಜೆಂಟನಿಗೆ ಗುಂಡು ಹಾರಿಸುವ ಗುಪ್ತ ಗುಂಪುಗಳು ಹುಟ್ಟಿಕೊಂಡರೆ ಅದರಲ್ಲಿ ಅಚ್ಚರಿಪಡಲು ಏನಿದೆ?

ಈ ಗುಂಪುಗಳನ್ನು ಹತ್ತಿಕ್ಕಲು 1814ರಲ್ಲಿ ರಾಬರ್ಟ್ ಪೀಲ್ ಒಂದು ವಿಶೇಷ ಪಡೆ ಕಟ್ಟಿದ. ಮುಂದೆ ಲಂಡನ್ ಪೊಲೀಸರನ್ನು ಹುಟ್ಟುಹಾಕಿ ಹೆಸರು ಮಾಡಿದನಲ್ಲ, ಅದೇ ಪೀಲ್. ಮೊದಲ ಕೈ ನೋಡಿದ್ದು ಐರ್ಲೆಂಡಿನಲ್ಲಿ. ಗಲಭೆಪೀಡಿತ ಎಂದು ಘೋಷಿಸಿದ ಪ್ರದೇಶಕ್ಕೆ ಈ ಪಡೆ ಹೋಗುತ್ತಿತ್ತು, ಅದರ ಖರ್ಚು ಅಲ್ಲಿನ ಜನರ ತಲೆಯ ಮೇಲೇ ಬೀಳುತ್ತಿತ್ತು. 1822ರಲ್ಲಿ ಜಿಲ್ಲೆ ಜಿಲ್ಲೆಗೂ ಕಾನ್‌ಸ್ಟೆಬಲ್‌ಗಳು ಬಂದರು. ಅಷ್ಟಾದರೂ ನೇಮಕಾತಿಯಲ್ಲಿ ಮ್ಯಾಜಿಸ್ಟ್ರೇಟರ, ಎಂದರೆ ಧಣಿಗಳ, ಕೈ ಆಡುತ್ತಲೇ ಇತ್ತು.

ಆಗ ಬಂದವನು ಥಾಮಸ್ ಡ್ರಮ್ಮಂಡ್. ಸ್ಕಾಟ್ಲೆಂಡಿನವನು, ಓದಿದ್ದು ಎಂಜಿನಿಯರಿಂಗ್, 1835ರಿಂದ ಡಬ್ಲಿನ್ ಆಡಳಿತದ ಅಧೀನ ಕಾರ್ಯದರ್ಶಿ. ನನಗೆ ಈ ಮನುಷ್ಯನ ಬಗ್ಗೆ ನಿಜವಾದ ಗೌರವವಿದೆ. 1836ರ ಕಾಯ್ದೆಯಿಂದ, ಡಬ್ಲಿನ್ನಿನಂಥ ಕೆಲವು ನಗರಗಳನ್ನು ಬಿಟ್ಟರೆ, ಇಡೀ ದೇಶಕ್ಕೆ ಒಂದೇ ಪೊಲೀಸ್ ಪಡೆ ಬಂತು, ನೇಮಕ ಮಾಡುವ ಅಧಿಕಾರ ಧಣಿಗಳಿಂದ ಡಬ್ಲಿನ್‌ಗೆ ಹೋಯಿತು. ಕ್ಯಾಥೊಲಿಕ್ ಹುಡುಗರನ್ನು ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಂಡರು. 1838ರಲ್ಲಿ ಟಿಪ್ಪರೇರಿಯ ಮ್ಯಾಜಿಸ್ಟ್ರೇಟರು ಒಂದು ಕೊಲೆಯನ್ನು ಮುಂದಿಟ್ಟುಕೊಂಡು ಇನ್ನೂ ಬಿಗಿ ಕಾನೂನು ಬೇಕೆಂದು ಬರೆದಾಗ, ಆಸ್ತಿಗೆ ಹಕ್ಕುಗಳಿರುವ ಹಾಗೆ ಕರ್ತವ್ಯಗಳೂ ಇವೆ ಎಂದು ಅವರ ಮುಖಕ್ಕೇ ಹೇಳಿದ. ಆ ಕಾಲದಲ್ಲಿ ಒಬ್ಬ ಸರ್ಕಾರಿ ಅಧಿಕಾರಿ ಧಣಿಗಳಿಗೆ ಹೀಗೆ ಬರೆಯುವುದೆಂದರೆ ಸಣ್ಣ ಮಾತಲ್ಲ.

ಪಡೆಯ ನಿಯಮಗಳೂ ಕಟ್ಟುನಿಟ್ಟು. ಹುಟ್ಟಿದ ಜಿಲ್ಲೆಯಲ್ಲಿ ಪೋಸ್ಟಿಂಗ್ ಇಲ್ಲ. ಮದುವೆಯಾಗಲು ವರ್ಷಗಟ್ಟಲೆ ಕಾಯಬೇಕು, ಮೇಲಿನವರ ಅನುಮತಿ ಬೇಕು. ಕಡುಹಸಿರು ಸಮವಸ್ತ್ರ, ಹೆಗಲಿಗೆ ಬಂದೂಕು, ಊರೂರಿಗೂ ಒಂದು ಠಾಣೆ, ಅದರಲ್ಲೇ ವಾಸ. ಸೇರುತ್ತಿದ್ದವರಾದರೂ ಯಾರು? ಬಹುತೇಕ ಸಣ್ಣ ಗೇಣಿದಾರರ ಮಕ್ಕಳು. ಹೊಲ ಅಣ್ಣನ ಪಾಲಾದರೆ ತಮ್ಮನಿಗೆ ಉಳಿದ ದಾರಿ ಎರಡೇ: ಅಮೆರಿಕದ ಹಡಗು, ಇಲ್ಲವೇ ಪೊಲೀಸ್ ಕೆಲಸ. 1847ರಿಂದ ಬೆಳೆ, ದನಕರುಗಳ ಲೆಕ್ಕ ಬರೆಯುವ ಕೆಲಸವೂ ಇವರ ಪಾಲಿಗೆ ಬಂತು, ಜನಗಣತಿಗೂ ಇವರೇ. ಯಾರ ಮನೆಯಲ್ಲಿ ಎಷ್ಟು ಹಂದಿ ಇದೆ ಎಂಬುದು ಠಾಣೆಗೆ ಗೊತ್ತಿರುತ್ತಿತ್ತು. ಆಲೂಗಡ್ಡೆ ಬೆಳೆ ಕೊಳೆತು 1845ರಿಂದ ಬಂದ ಮಹಾಕ್ಷಾಮದ ಕೊನೆಯ ಹೊತ್ತಿಗೆ, 1849ರಿಂದ, ಎಷ್ಟು ಕುಟುಂಬಗಳನ್ನು ಒಕ್ಕಲೆಬ್ಬಿಸಿದರು ಎಂಬ ಲೆಕ್ಕವನ್ನೂ ಪೊಲೀಸರೇ ಇಡಲು ಶುರುಮಾಡಿದರು. 1854ರವರೆಗಿನ ಆ ದಾಖಲೆಯಲ್ಲಿ ಹತ್ತಿರ ಹತ್ತಿರ ಎರಡೂವರೆ ಲಕ್ಷ ಜನ ಇದ್ದಾರೆ. ಒಕ್ಕಲೆಬ್ಬಿಸುವಾಗ ಕಾವಲು ನಿಲ್ಲುವವನೂ ಅವನೇ, ಆಮೇಲೆ ತಲೆ ಎಣಿಸಿ ಬರೆಯುವವನೂ ಅವನೇ.

ಈಗ ಡೊನಿಗಾಲ್‌ಗೆ ಬರೋಣ.

ಜಾನ್ ಜಾರ್ಜ್ ಅಡೇರ್ ಅಲ್ಲಿನ ಹಳೆಯ ಮನೆತನದವನಲ್ಲ. ಕ್ಷಾಮದಲ್ಲಿ ಗೇಣಿ ನಿಂತುಹೋಗಿ ಎಷ್ಟೋ ಹಳೆಯ ಧಣಿಗಳು ಸಾಲದಲ್ಲಿ ಮುಳುಗಿದ್ದರು. 1849ರ ಕಾಯ್ದೆ ಅಂಥ ಎಸ್ಟೇಟುಗಳ ಮಾರಾಟವನ್ನು ಸುಲಭ ಮಾಡಿತು. ಭೂಮಿಯನ್ನು ಬಂಡವಾಳವೆಂದೇ ಕಾಣುವ ಹೊಸ ಜನ ಬಂದರು. ಅಡೇರ್ 1850ರ ದಶಕದ ಕೊನೆಯಲ್ಲಿ ಗ್ಲೆನ್‌ವೇ, ಡೆರಿವೇ ಸೀಮೆಯ ಗುಡ್ಡ, ಕಣಿವೆ, ಸರೋವರಗಳನ್ನು ಕೊಂಡುಕೊಂಡ. ಬೇಟೆಯ ಹಕ್ಕಿನ ವಿಚಾರದಲ್ಲಿ ಬಂದ ಮೊದಲಲ್ಲೇ ಒಕ್ಕಲುಗಳ ಜೊತೆ ಜಟಾಪಟಿ. ಆಮೇಲೆ ಸ್ಕಾಟ್ಲೆಂಡಿನಿಂದ ಕಪ್ಪುಮೋರೆಯ ಕುರಿಗಳನ್ನು ತರಿಸಿದ, ಕಾಯಲು ಸ್ಕಾಟ್ ಕುರಿಗಾಹಿಗಳನ್ನೂ ತರಿಸಿದ. ಜನ ತಲೆಮಾರುಗಳಿಂದ ದನ ಬಿಡುತ್ತಿದ್ದ ಗುಡ್ಡಗಳಲ್ಲಿ ಈಗ ದನ ಕಂಡರೆ ಹಿಡಿದು ದೊಡ್ಡಿಗೆ ಹಾಕುವುದು, ದಂಡ ವಸೂಲಿ ಮಾಡುವುದು.

ಕುರಿಗಳು ಸಾಯತೊಡಗಿದವು. ಒಕ್ಕಲುಗಳೇ ಹಗೆಯಿಂದ ಕೊಲ್ಲುತ್ತಿದ್ದಾರೆ ಎಂದು ಅಡೇರ್ ದೂರಿದ. ದ್ವೇಷದಿಂದ ಮಾಡಿದ ನಷ್ಟ ಎಂದು ಸಾಬೀತಾದರೆ ಪರಿಹಾರದ ಹಣವನ್ನು ಆ ಪ್ರದೇಶದ ಜನರಿಂದಲೇ ವಸೂಲಿ ಮಾಡಬಹುದಿತ್ತು, ಅದು ಕಾನೂನು. ಪೊಲೀಸರು ಗುಡ್ಡ ಹತ್ತಿ ಹುಡುಕಿದರು. ಅವರಿಗೆ ಕಂಡದ್ದು ಬೇರೆ: ಕುರಿಗಳಲ್ಲಿ ಬಹಳಷ್ಟು ಸತ್ತಿರುವುದು ಚಳಿಮಳೆಗೆ. ಗಮನಿಸಿ, ಪೊಲೀಸರು ಇಲ್ಲಿ ಧಣಿಯ ಮಾತನ್ನು ಕಣ್ಣುಮುಚ್ಚಿ ಒಪ್ಪಲಿಲ್ಲ. ಡ್ರಮ್ಮಂಡ್ ಕಟ್ಟಿದ ವ್ಯವಸ್ಥೆ ಈ ಮಟ್ಟಿಗೆ ಕೆಲಸ ಮಾಡಿತು.

1860ರ ನವೆಂಬರಿನಲ್ಲಿ ಅಡೇರನ ಕುರಿಗಳ ಮೇಲ್ವಿಚಾರಕ ಜೇಮ್ಸ್ ಮರ್ರಿ ಗುಡ್ಡದಲ್ಲಿ ಹೆಣವಾಗಿ ಸಿಕ್ಕ. ಕೊಲೆ. ಯಾರು ಮಾಡಿದರು ಎಂಬುದು ಕೋರ್ಟಿನಲ್ಲಿ ಎಂದೂ ತೀರ್ಮಾನವಾಗಲಿಲ್ಲ. ಅಡೇರ್ ಮಾತ್ರ ತನ್ನ ತೀರ್ಮಾನ ಮಾಡಿಯಾಗಿತ್ತು. ಕೊಂದವನು ಯಾರೋ ಗೊತ್ತಿಲ್ಲ, ಗೊತ್ತಿದ್ದವರು ಬಾಯಿ ಬಿಡುತ್ತಿಲ್ಲ, ಹಾಗಾಗಿ ಎಲ್ಲರನ್ನೂ ಎಬ್ಬಿಸುತ್ತೇನೆ. ಗೇಣಿ ಬಾಕಿಯ ನೆಪವನ್ನೂ ಅವನು ಹುಡುಕಲಿಲ್ಲ. ಪ್ರಾಟೆಸ್ಟೆಂಟ್ ಪಾದ್ರಿ, ಕ್ಯಾಥೊಲಿಕ್ ಪಾದ್ರಿ ಇಬ್ಬರೂ ಸೇರಿ ಬೇಡಿಕೊಂಡರು. ಡೊನಿಗಾಲ್‌ನಲ್ಲಿ ಇವರಿಬ್ಬರು ಒಂದು ಕಾಗದಕ್ಕೆ ಸಹಿ ಹಾಕುವುದೇ ಅಪರೂಪ. ಅಡೇರ್ ಜಗ್ಗಲಿಲ್ಲ. ಡಬ್ಲಿನ್ನಿನ ಅಧಿಕಾರಿಗಳಿಗೂ ಇದು ಕೆಟ್ಟ ಕೆಲಸ ಎಂಬ ಅರಿವಿತ್ತು. ಆದರೆ ಕೋರ್ಟಿನ ಡಿಕ್ರಿ ಅವನ ಕೈಯಲ್ಲಿತ್ತು.

1861ರ ಏಪ್ರಿಲ್ 8. ಸುಮಾರು ಇನ್ನೂರು ಪೊಲೀಸರು ಬೆಟ್ಟದ ದಾರಿ ಹಿಡಿದರು, ಜೊತೆಗೆ ಕೋರ್ಟಿನ ಆದೇಶ ಜಾರಿ ಮಾಡುವ ಉಪ ಶೆರೀಫ್, ಸೂರು ಕೀಳಲು ಹಾರೆ ಹಿಡಿದ ಕೂಲಿಯವರು. ಮೊದಲ ಮನೆ ಒಬ್ಬ ವಿಧವೆಯದು, ಮನೆ ತುಂಬ ಮಕ್ಕಳು. ಪೊಲೀಸರು ಸುತ್ತ ನಿಂತರು, ಕೂಲಿಯವರು ಸಾಮಾನು ಹೊರಹಾಕಿ ಸೂರು ಇಳಿಸಿದರು. ಮೂರು ದಿನ ಹೀಗೇ ನಡೆಯಿತು. 47 ಕುಟುಂಬ, 244 ಜನ, ಅದರಲ್ಲಿ 159 ಮಕ್ಕಳು. 28 ಮನೆಗಳು ನೆಲಸಮ ಇಲ್ಲವೇ ಸೂರಿಲ್ಲದ ಗೋಡೆ. ಕೆಲವರನ್ನು ಮತ್ತೆ ಒಳಗೆ ಬಿಟ್ಟರು. ಉಳಿದವರಲ್ಲಿ ಹಲವರು ಗತಿಯಿಲ್ಲದವರನ್ನು ದುಡಿಸಿಕೊಂಡು ಊಟ, ವಸತಿ ಕೊಡುತ್ತಿದ್ದ ಲೆಟರ್‌ಕೆನ್ನಿಯ ವರ್ಕ್‌ಹೌಸಿಗೆ, ಇನ್ನು ಕೆಲವರು ಚಂದಾ ಎತ್ತಿ ಕಳಿಸಿದ ಹಣದಲ್ಲಿ ಆಸ್ಟ್ರೇಲಿಯಾಕ್ಕೆ ಹೋದರು.

ಪೊಲೀಸರು ಒಂದು ಹುಲ್ಲುಕಡ್ಡಿಯನ್ನೂ ಮುಟ್ಟಲಿಲ್ಲ. ಮನೆ ಕೆಡವುವುದು ಅವರ ಕೆಲಸವೇ ಅಲ್ಲ. ಶಾಂತಿ ಕಾಪಾಡುವುದು ಅವರ ಕೆಲಸ. ಲಂಚ ತಿಂದಿರಲಿಲ್ಲ, ಧಣಿಯ ಫೋನಿಗೆ (ಆಗ ಫೋನಿರಲಿಲ್ಲ ಬಿಡಿ, ಚೀಟಿಗೆ ಅನ್ನಿ) ಓಡಿ ಬಂದಿರಲಿಲ್ಲ, ಅಡೇರನ ಮೇಲೆ ಅವರಿಗೆ ಪ್ರೀತಿಯೂ ಇರಲಿಲ್ಲ. ಎಲ್ಲವೂ ಕ್ರಮಪ್ರಕಾರ. ಸಂಸತ್ತಿನಲ್ಲಿ ಪ್ರಶ್ನೆ ಎದ್ದಾಗ ಸರ್ಕಾರ ಕೊಟ್ಟ ಉತ್ತರವೂ ಅದೇ ಧಾಟಿಯದು: ಧಣಿ ತನ್ನ ಹಕ್ಕನ್ನು ಚಲಾಯಿಸಿದ, ಕಾನೂನಿಗೆ ಬೆಂಬಲ ಕೊಡುವುದು ಸರ್ಕಾರದ ಕೆಲಸ. ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಭಯ ಹುಟ್ಟಿಸುವುದು ಅಡೇರನ ಕ್ರೌರ್ಯ ಅಲ್ಲ, ಈ ಉತ್ತರ. ಅಡೇರ್‌ನಂಥವರು ಎಲ್ಲ ಕಾಲದಲ್ಲೂ ಇರುತ್ತಾರೆ. ಹಿಂದೆ ಆಗಿದ್ದರೆ ಅವನು ತನ್ನ ಆಳುಗಳನ್ನೇ ಕಟ್ಟಿಕೊಂಡು ಹೋಗಬೇಕಿತ್ತು, ಕಲ್ಲೇಟು ತಿನ್ನುವ ಭಯವಾದರೂ ಇರುತ್ತಿತ್ತು. ಈಗ ಸ್ವತಂತ್ರ, ಶಿಸ್ತಿನ, ದೇಶವ್ಯಾಪಿ ಪಡೆ ಅವನ ಬೆನ್ನಿಗೆ ಬಂತು.

ಅಡೇರ್ ಒಬ್ಬನನ್ನು ನೋಡಿ ಎಲ್ಲ ಧಣಿಗಳನ್ನೂ ಅಳೆಯಬಾರದು ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಕ್ಷಾಮದ ವರ್ಷಗಳು ಮುಗಿದ ಮೇಲೆ ಇಂಥ ಸಾಮೂಹಿಕ ಒಕ್ಕಲೆಬ್ಬಿಸುವಿಕೆಗಳು ಜನಪದದ ನೆನಪಿನಲ್ಲಿ ಇರುವಷ್ಟು ಹೆಚ್ಚು ನಡೆಯಲಿಲ್ಲ. ಗುಪ್ತ ಗುಂಪಿನವರು ಕೊಂದದ್ದೂ ಬರೀ ದುಷ್ಟರನ್ನಲ್ಲ; ಖಾಲಿಯಾದ ಹೊಲವನ್ನು ಗೇಣಿಗೆ ಹಿಡಿದ ತಪ್ಪಿಗೆ ಪಕ್ಕದ ಬಡವನನ್ನೇ ಹೊಡೆದ ಉದಾಹರಣೆಗಳು ಬೇಕಾದಷ್ಟಿವೆ. ಆದರೆ ನನ್ನ ಮಾತು ಧಣಿ ಒಳ್ಳೆಯವನೋ ಕೆಟ್ಟವನೋ ಎಂಬುದರ ಮೇಲೆ ನಿಂತಿಲ್ಲ. ಒಳ್ಳೆಯ ಧಣಿಯ ಒಕ್ಕಲು ಕೂಡ ಬದುಕುತ್ತಿದ್ದದ್ದು ಅವನ ಮರ್ಜಿಯಲ್ಲೇ, ಕಾನೂನಿನ ಆಸರೆಯಲ್ಲಲ್ಲ.

ಆಮೇಲಿನ ಕಥೆ ನಿಮಗೆ ಸ್ವಲ್ಪ ಗೊತ್ತಿರಬಹುದು. 1867ರಲ್ಲಿ ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಎದ್ದ ಫೀನಿಯನ್ನರ ದಂಗೆ ಅಡಗಿಸಿದ್ದಕ್ಕೆ ಈ ಪಡೆಗೆ ರಾಣಿಯಿಂದ ‘ರಾಯಲ್’ ಪಟ್ಟ ಸಿಕ್ಕಿತು. 1879ರಲ್ಲಿ ಮೈಕಲ್ ಡ್ಯಾವಿಟ್ ಒಕ್ಕಲುಗಳ ಹೋರಾಟದ ಸಂಘಟನೆ ಲ್ಯಾಂಡ್ ಲೀಗ್ ಕಟ್ಟಿದ. ಅವನೇ ಬಾಲ್ಯದಲ್ಲಿ ಒಕ್ಕಲೆದ್ದ ಮನೆಯ ಹುಡುಗ. ಮರುವರ್ಷ ಮೇಯೊ ಜಿಲ್ಲೆಯಲ್ಲಿ ಲಾರ್ಡ್ ಅರ್ನ್‌ನ ಏಜೆಂಟ್ ಕ್ಯಾಪ್ಟನ್ ಬಾಯ್ಕಾಟ್‌ನ ಹೊಲಕ್ಕೆ ಕೂಲಿಗೆ ಹೋಗುವವರೇ ಇಲ್ಲವಾದರು. ಉತ್ತರದಿಂದ ಐವತ್ತು ಜನರನ್ನು ಕರೆಸಿ ಗಡ್ಡೆ ಕೀಳಿಸಬೇಕಾಯಿತು, ಅವರ ಕಾವಲಿಗೆ ಸುಮಾರು ಸಾವಿರ ಸೈನಿಕರು ಮತ್ತು ಪೊಲೀಸರು. ಐನೂರು ಪೌಂಡಿನ ಬೆಳೆ ಉಳಿಸಲು ಹತ್ತು ಸಾವಿರ ಪೌಂಡ್ ಖರ್ಚಾಯಿತೆಂದು ಆಗಿನ ಅಂದಾಜು. ಗುಂಡಿನಿಂದ ಆಗದ್ದನ್ನು ಈ ಜನ ಸುಮ್ಮನೆ ಕೈಕಟ್ಟಿ ಕೂತು ಮಾಡಿದರು. 1882ರಲ್ಲಿ ಪೊಲೀಸರೇ ಸಂಬಳಕ್ಕಾಗಿ ಗಲಾಟೆ ಎಬ್ಬಿಸಿದರು. ಹಗಲೂ ರಾತ್ರಿ ಧಣಿಗಳ ಕಾವಲು ಕಾದು ಸುಸ್ತಾದವರು ಅವರು, ಊರಿನಲ್ಲಿ ಅವರಿಗೂ ಮಾತಾಡಿಸುವವರಿರಲಿಲ್ಲ.

ಇದೆಲ್ಲ ಎಲ್ಲೋ ದೂರದ ಕಥೆ ಅಂದುಕೊಳ್ಳಬೇಡಿ. ಬಾಲ್ಯವನ್ನು ಐರ್ಲೆಂಡಿನಲ್ಲಿ ಕಳೆದ ಚಾರ್ಲ್ಸ್ ನೇಪಿಯರ್ 1843ರಲ್ಲಿ ಸಿಂಧ್ ಗೆದ್ದಾಗ ಅಲ್ಲಿನ ಪೊಲೀಸ್ ಪಡೆಯನ್ನು ಕಟ್ಟಿದ್ದು ಐರಿಶ್ ಮಾದರಿಯಲ್ಲಿ. ಅದು ಬೊಂಬಾಯಿ, ಮದ್ರಾಸ್ ಪ್ರಾಂತಗಳ ಪೊಲೀಸ್ ಸುಧಾರಣೆಗೂ 1861ರ ಪೊಲೀಸ್ ಕಾಯ್ದೆಗೂ ಮೇಲ್ಪಂಕ್ತಿಯಾಯಿತು. ಧಾರವಾಡ, ಬೆಳಗಾವಿ ಆಗ ಬೊಂಬಾಯಿಗೆ ಸೇರಿದ್ದವು, ಬಳ್ಳಾರಿ, ಮಂಗಳೂರು ಮದ್ರಾಸಿಗೆ. 1861, ಅಡೇರ್ ಡೆರಿವೇಯಲ್ಲಿ ಒಕ್ಕಲೆಬ್ಬಿಸಿದ ವರ್ಷವೇ.

ಐರ್ಲೆಂಡಿನ ಒಕ್ಕಲಿಗೆ ಕೊನೆಗೆ ನೆಲ ಗಟ್ಟಿಯಾದದ್ದು ಪೊಲೀಸ್ ಸುಧಾರಣೆಯಿಂದಲ್ಲ, ಭೂಕಾಯ್ದೆಯಿಂದ. 1881ರಲ್ಲಿ ಗ್ಲಾಡ್‌ಸ್ಟನ್ ಸರ್ಕಾರ ನ್ಯಾಯವಾದ ಗೇಣಿ ಗೊತ್ತುಪಡಿಸಲು ಆಯೋಗ ನೇಮಿಸಿತು. ಗೇಣಿ ಕಟ್ಟುವವನನ್ನು ಧಣಿ ಮನಸ್ಸು ಬಂದಂತೆ ಎಬ್ಬಿಸುವುದು ನಿಂತಿತು. ಬಾಕಿದಾರರು ಆ ಕಾಯ್ದೆಯ ಹೊರಗುಳಿದರು, ಅವರ ಮನೆಗಳ ಮೇಲೆ 1880ರ ದಶಕದ ಕೊನೆಯವರೆಗೂ ದಾಳಿ ನಡೆದೇ ಇತ್ತು, ಗೋಡೆ ಒಡೆಯಲು ದಿಮ್ಮಿ ಕಟ್ಟಿಕೊಂಡು. 1903ರ ವಿಂಡ್‌ಹ್ಯಾಮ್ ಕಾಯ್ದೆ ಬಂದ ಮೇಲೆ ಸರ್ಕಾರವೇ ಸಾಲ ಕೊಟ್ಟು ಒಕ್ಕಲುಗಳು ಧಣಿಯಿಂದ ಭೂಮಿ ಕೊಳ್ಳುವಂತೆ ಮಾಡಿತು. ಒಕ್ಕಲು ಅರವತ್ತೆಂಟೂವರೆ ವರ್ಷ ಕಂತು ಕಟ್ಟಬೇಕು. ಎಸ್ಟೇಟ್ ಮಾರಿದ ಧಣಿಗೆ ಬೆಲೆಯ ಮೇಲೆ ಶೇಕಡಾ 12 ಬೋನಸ್. ಹೌದು, ಬೋನಸ್. ಈ ಮಾರಾಟದಲ್ಲಿ ಮಧ್ಯೆ ನಿಲ್ಲಲು ಯಾವ ಪೇದೆಯೂ ಬೇಕಾಗಲಿಲ್ಲ.