ಸ್ಪಷ್ಟನೆ: ಟಾಪ್ ಫ್ಯೂಯಲ್ ಎಂಜಿನ್ ಗುಜರಿ ಮಾಲಲ್ಲ

"ಅಮೆರಿಕದ ಟಾಪ್ ಫ್ಯೂಯಲ್ ಡ್ರ್ಯಾಗ್ ಕಾರಲ್ಲಿರೋದು 1960ರ ದಶಕದ ಕ್ರೈಸ್ಲರ್ ಹೆಮಿ ಎಂಜಿನ್ನೇ, ಸುಮ್ನೆ ಸೂಪರ್‌ಚಾರ್ಜರ್ ಕೂರಿಸಿದ್ದಾರೆ" ಎಂಬ ಮಾತು ಓಡಾಡುತ್ತಿದೆ. (ಟಾಪ್ ಫ್ಯೂಯಲ್ ಅಂದರೆ ನೇರ ದಾರಿಯಲ್ಲಿ ನಡೆಯುವ ಡ್ರ್ಯಾಗ್ ರೇಸಿನ ಅತಿ ವೇಗದ ವರ್ಗ; ಹೆಮಿ ಅಂದರೆ ಇಂಧನ ಉರಿಯುವ ಕೋಣೆ ಅರ್ಧಗೋಳದಂತಿರುವ ಎಂಜಿನ್; ಸೂಪರ್‌ಚಾರ್ಜರ್ ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಪಂಪು.) ಅರ್ಧ ಮಾತ್ರ ನಿಜ.

ಆ ಕ್ರೈಸ್ಲರ್ ಎಂಜಿನ್, ಅಂದರೆ 426 ಘನ ಇಂಚಿನ ಹೆಮಿಯಿಂದ ಬಂದಿರುವುದು ಮೂಲ ವಿನ್ಯಾಸ, ಬಿಡಿಭಾಗಗಳಲ್ಲ. ಈಗಿನ ಬ್ಲಾಕನ್ನು (ಎಂಜಿನ್ನಿನ ಮುಖ್ಯ ಒಡಲು) ಅಲ್ಯೂಮಿನಿಯಂ ಗಟ್ಟಿಯಿಂದಲೇ ಕೊರೆದು ತೆಗೆಯುತ್ತಾರೆ. ಅದರೊಳಗೆ ನೀರು ಹರಿಯಲು ದಾರಿಯೇ ಇಲ್ಲ! 1000 ಅಡಿ ಓಟ ನಾಲ್ಕು ಸೆಕೆಂಡಿನೊಳಗೆ ಮುಗಿಯುತ್ತದೆ. ಅಷ್ಟು ಹೊತ್ತು ತಣಿಸಲು ಒಳಗೆ ಸುರಿಯುವ ಇಂಧನವೇ ಸಾಕು. ಓಟ ಮುಗಿದದ್ದೇ ತಡ, ಮೆಕ್ಯಾನಿಕ್‌ಗಳು ಎಂಜಿನ್ ಬಿಚ್ಚಿ ಪಿಸ್ಟನ್ ಕೈಗೆತ್ತಿಕೊಳ್ಳುತ್ತಾರೆ.

ಹಾಗಾದರೆ ಪೂರ್ತಿ ಹೊಸ ಎಂಜಿನ್ ಯಾಕಿಲ್ಲ? ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆಯಾದ ಎನ್‌ಎಚ್‌ಆರ್‌ಎ ನಿಯಮ ಬಿಡಬೇಕಲ್ವಾ! ಗಾತ್ರ 500 ಘನ ಇಂಚು ಮೀರುವಂತಿಲ್ಲ. ಸಿಲಿಂಡರಿಗೆ ಎರಡೇ ವಾಲ್ವ್. ಟರ್ಬೊ (ಎಂಜಿನ್ನಿನ ಹೊಗೆಯಿಂದ ತಿರುಗುವ ಗಾಳಿ ಪಂಪು) ಕೂಡದು. ಇಂಧನದಲ್ಲಿ ನೈಟ್ರೊಮೀಥೇನ್ ಎಂಬ ರಾಸಾಯನಿಕ ಶೇ. 90 ದಾಟಬಾರದು. ಇಷ್ಟರಲ್ಲೇ 11,000 ಅಶ್ವಶಕ್ತಿ ಹೊರಡಿಸುತ್ತಾರೆ ಅಂದರೆ ಹಳೇದು ಅನ್ನೋಕೆ ನನಗಂತೂ ಮನಸ್ಸು ಬರುವುದಿಲ್ಲ.